ಡಬ್ಬಿ ಉವಾಚ

ಡಬ್ಬಿ: ಸ್ವಾಮಿ, ನನ್ನೊಳಗಿರುವುದು ಅಪ್ಪಟ ಮೆಂತ್ಯ, ಕಹಿಯೊಂದಿಲ್ಲ ಅಷ್ಟೆ. ದಿನಕ್ಕೆರಡು ಗುಳಿಗೆ ನುಂಗಿ. ಸಕ್ಕರೆ ಕಾಯಿಲೆ ನಿಮ್ಮ ಬೀದಿಗೂ ಕಾಲಿಡದು.

ಲೇಖಕ: ಕಹಿಯ ಜೊತೆ ಲೆಕ್ಕವೂ ಹೋಯಿತಲ್ಲ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಮಧುಮೇಹಿಗಳಿಗೆ ಮೆಂತ್ಯ ಕೊಟ್ಟು ನೋಡಿದಾಗ ರಕ್ತದ ಸಕ್ಕರೆ ಇಳಿದದ್ದು ನಿಜ. ಆದರೆ ಕೊಟ್ಟದ್ದು ದಿನಕ್ಕೆ 25 ಗ್ರಾಂ, ಕೆಲವರಿಗೆ 100 ಗ್ರಾಂ. ನಿನ್ನ ಗುಳಿಗೆ 500 ಮಿಲಿಗ್ರಾಂ. 25 ಗ್ರಾಂ ತುಂಬಲು 50 ಗುಳಿಗೆ ಬೇಕು. ಅಷ್ಟು ನುಂಗಿದವನ ಹೊಟ್ಟೆಯಲ್ಲಿ ಊಟಕ್ಕೆ ಜಾಗವಿರದು, ಸಕ್ಕರೆ ಹಾಗಾದರೂ ಇಳಿದೀತು.

ಡಬ್ಬಿ: ನನ್ನದು ಸಾರ, ಸ್ವಾಮಿ. ಹಿಂಡಿ ತೆಗೆದದ್ದು.

ಲೇಖಕ: ಕೆಲವು ಅಂಶಗಳನ್ನು ಹಿಂಡಬಹುದು, ಒಪ್ಪಿದೆ. ಆದರೆ ಮೆಂತ್ಯದ ಬಹುಪಾಲು ಕೆಲಸ ಅದರ ಲೋಳೆ ನಾರಿನದು. ಅದು ನೀರು ಹೀರಿ ಉಬ್ಬಿ, ಕರುಳಿನಿಂದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ಉಬ್ಬುವುದೇ ಕಸುಬಾದದ್ದನ್ನು ಕುಗ್ಗಿಸಿ ಏನು ಪ್ರಯೋಜನ? ಓಟ್ಸಿನದೂ ಇದೇ ಪಾಡು: ಕೊಲೆಸ್ಟರಾಲ್ ಇಳಿಸಲು ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಎಂಬ ಅದರ ನಾರು ಬೇಕು, ಚಿಟಿಕೆ ಓಟ್ಸ್ ಉದುರಿಸಿದ ಬಿಸ್ಕತ್ತಿನಿಂದ ಆಗದು.

ಡಬ್ಬಿ: ಪುರುಸೊತ್ತಿಲ್ಲದವರ ಗತಿ?

ಲೇಖಕ: ಇದು ನ್ಯಾಯವಾದ ಪ್ರಶ್ನೆ. ಅಮೆರಿಕದ 2002ರ ದೊಡ್ಡ ಪ್ರಯೋಗದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರು ಊಟ ತಿದ್ದಿ, ನಡೆದು, ತೂಕ ಇಳಿಸಿದಾಗ ಅಪಾಯ ಶೇ. 58ರಷ್ಟು ತಗ್ಗಿತು; ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ. 31. ಪುರುಸೊತ್ತಿಲ್ಲದವರಿಗೂ ವೈದ್ಯರು ಬರೆದುಕೊಡುವ, ಪರೀಕ್ಷೆಗೆ ನಿಂತ, ನಿನಗಿಂತ ಅಗ್ಗದ ಮಾತ್ರೆ ಇದೆ. ಅದಿರಲಿ, ನಿನ್ನ ಬೆನ್ನ ಮೇಲೇನೋ ಬರೆದಿದೆಯಲ್ಲ, ಓದು.

ಡಬ್ಬಿ: 'ಔಷಧವಾಗಿ ಬಳಸಲು ಅಲ್ಲ.' ಕಾನೂನಿನವರು ಬರೆಸಿದ್ದು, ಸ್ವಾಮಿ. ಅಕ್ಷರ ಆದಷ್ಟು ಸಣ್ಣದಾಗಿಯೇ ಹಾಕಿಸಿದ್ದೇವೆ.