ನಮ್ಮ ಧಣಿಗಳು ಡಿಜಿಟಲ್ ಆದರು

ಡಿಜಿಟಲ್ ಯುಗಕ್ಕೆ ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳು ಕೊಟ್ಟ ಮೊಟ್ಟಮೊದಲ ಕಾಣಿಕೆ ಒಂದು ಸದ್ದು. ಕಂಪ್ಯೂಟರಿನಲ್ಲಿ ಪತ್ರಿಕೆ ತೆರೆದು ಪುಟದ ಮೂಲೆಗೆ ಕ್ಲಿಕ್ ಮಾಡಿದರೆ ಅದು ಬಾಗಿ, ಬಳುಕಿ, 'ಸರಕ್' ಎಂದು ಮಗುಚಿಕೊಳ್ಳುತ್ತಿತ್ತು. ಈ ಸರಕ್ಕಿಗೆ ಧಣಿಗಳು ಪ್ರತ್ಯೇಕ ದುಡ್ಡು ಕೊಟ್ಟಿದ್ದರು. ಅಕ್ಷರ ಕಣ್ಣಿಗೆ ಹತ್ತುತ್ತಿರಲಿಲ್ಲ. ದೊಡ್ಡದು ಮಾಡಿದರೆ ಅರ್ಧ ವಾಕ್ಯ ಪರದೆಯಾಚೆ ಜಾರುತ್ತಿತ್ತು. ಕತೆಯ ನಾಯಕಿ ಭಾವಿಗೆ ಬಿದ್ದಳೋ ಪ್ರೇಮಕ್ಕೆ ಬಿದ್ದಳೋ ತಿಳಿಯಲು ಮೌಸ್ ಹಿಡಿದು ಎಡಬಲ ಎಳೆದಾಡಬೇಕಿತ್ತು. ಆದರೆ ಸದ್ದು ಮಾತ್ರ ಅಪ್ಪಟ ಕಾಗದದ್ದು. ಎಂಜಲು ಹಚ್ಚಿ ಪುಟ ತಿರುವುವ ಸೌಲಭ್ಯ ಮುಂದಿನ ಆವೃತ್ತಿಯಲ್ಲಿ ಬರುತ್ತದೆ ಎಂದು ಮಾರಲು ಬಂದ ಹುಡುಗ ಹೇಳಿದ್ದರೆ ಅದಕ್ಕೂ ಧಣಿಗಳು ಮುಂಗಡ ಕೊಡುತ್ತಿದ್ದರು.

ಈ ಧಣಿಗಳು ಯಾರು ಎಂದು ಹುಡುಕಲು ಹೋಗಬೇಡಿ. ಯಾವ ಒಬ್ಬ ಮಾಲೀಕರೂ ಅಲ್ಲ. ಹಲವು ಕಚೇರಿಗಳ ಹೊರಗೆ ಗೌರವಧನಕ್ಕೆ ಕಾಯುತ್ತ ಕೂತವನ ಕಣ್ಣಿಗೆ ಎಲ್ಲರೂ ಒಬ್ಬರೇ ಆಗಿ ಕಂಡವರು. ತಾತ ಟ್ರೆಡಲ್ ಮೆಷಿನ್ ಹಾಕಿ ಮದುವೆ ಕರೆಯೋಲೆ ಅಚ್ಚು ಹಾಕಿದರು. ಅಪ್ಪ ಆಫ್‌ಸೆಟ್ ತಂದು ವಾರಪತ್ರಿಕೆ ಕಟ್ಟಿದರು. ಇವರು ಕನ್ಸಲ್ಟೆಂಟರನ್ನು ತಂದರು.

ಹಾಗೆ ನೋಡಿದರೆ ರೋಗದ ಮೂಲ ಇಲ್ಲಿಯದಲ್ಲ. 2010ರಲ್ಲಿ ಐಪ್ಯಾಡ್ ಬಂದಾಗ ಅಮೆರಿಕದ ಪ್ರಕಾಶಕರೆಲ್ಲ ಸಾಲಾಗಿ ನಿಂತು ಅದಕ್ಕೆ ಆರತಿ ಎತ್ತಿದರು. 2011ರ ಫೆಬ್ರುವರಿಯಲ್ಲಿ ರೂಪರ್ಟ್ ಮರ್ಡೋಕ್ ಐಪ್ಯಾಡಿಗೆಂದೇ 'ದಿ ಡೈಲಿ' ಎಂಬ ಪತ್ರಿಕೆ ತೆಗೆದರು. ವಾರಕ್ಕೆ 99 ಸೆಂಟ್. ಮರುವರ್ಷ ಡಿಸೆಂಬರಿನಲ್ಲಿ ಅದರ ಅಂಗಡಿ ಮುಚ್ಚಿತು. ಅದೇ ಡಿಸೆಂಬರಿನಲ್ಲಿ, 1933ರಿಂದ ಅಚ್ಚಾಗುತ್ತಿದ್ದ 'ನ್ಯೂಸ್‌ವೀಕ್' ತನ್ನ ಕೊನೆಯ ಮುದ್ರಿತ ಸಂಚಿಕೆ ಇದೆಂದು ಮುಖಪುಟದ ಮೇಲೇ ಹ್ಯಾಷ್‌ಟ್ಯಾಗ್ ಹಾಕಿ ಸಾರಿತು. ಇನ್ನೇನಿದ್ದರೂ ಡಿಜಿಟಲ್ ಎಂದಿತು. 2014ರ ಮಾರ್ಚಿನಲ್ಲಿ ಮತ್ತೆ ಕಾಗದದ ಮೇಲೆ ಬಂತು. ತಿಥಿ ಮಾಡಿದ ಒಂದೂಕಾಲು ವರ್ಷಕ್ಕೆ ನಾಮಕರಣ. ನಮ್ಮ ಧಣಿಗಳಿಗೆ ಇದರಲ್ಲಿ ತಿಥಿಯ ಸುದ್ದಿ ಮಾತ್ರ ತಲುಪಿತು. ಅಮೆರಿಕದಿಂದ ಹೊಸತು ಹುಟ್ಟಿದ್ದು ವಿಮಾನದಲ್ಲಿ ಬರುತ್ತದೆ, ಅದು ಸೋತದ್ದು ಹಡಗಿನಲ್ಲಿ.

ಅಷ್ಟು ದೂರ ಯಾಕೆ, ನಮ್ಮ ಪಡಸಾಲೆಯಲ್ಲೇ ಒಂದು ಕತೆ ಬಿದ್ದಿದೆ. 1947ರ ಜುಲೈಯಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ 'ಚಂದಮಾಮ' ಸ್ವಲ್ಪ ದಿನಕ್ಕೇ ಕನ್ನಡಕ್ಕೂ ಬಂತು, ಆಮೇಲೆ ಹತ್ತಕ್ಕೂ ಹೆಚ್ಚು ಭಾಷೆಗಳಿಗೆ ಹಬ್ಬಿತು. ಹೆಗಲ ಮೇಲೆ ಹೆಣ, ಕೈಯಲ್ಲಿ ಖಡ್ಗ ಹಿಡಿದ ರಾಜನನ್ನು ಕಲಾವಿದ ಶಂಕರ್ ಬರೆದಂತೆಯೇ ಈ ನಾಡಿನ ಮೂರು ತಲೆಮಾರು ಕನಸಿನಲ್ಲೂ ಕಂಡಿದೆ. 2007ರಲ್ಲಿ ಮುಂಬೈಯ ಜಿಯೋಡೆಸಿಕ್ ಎಂಬ ಸಾಫ್ಟ್‌ವೇರ್ ಕಂಪನಿ ಅದನ್ನು ಕೊಂಡಿತು, ಡಿಜಿಟಲ್ ಯುಗಕ್ಕೆ ಕರೆದೊಯ್ಯುತ್ತೇವೆ ಎಂದಿತು. ಕರೆದೊಯ್ದದ್ದು ನಿಜ. ಜಾಲತಾಣ ಆಯಿತು, ಹಳೆಯ ಸಂಚಿಕೆಗಳು ಅಲ್ಲಿ ಏರಿದವು, ಜನ ಕಣ್ಣು ಒರೆಸಿಕೊಂಡು ಓದಿದರು. ಆಮೇಲೆ ಕಂಪನಿ ಸಾಲದಲ್ಲಿ ಮುಳುಗಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿತು. 2013ರ ಹೊತ್ತಿಗೆ ಪತ್ರಿಕೆ ನಿಂತಿತು. ಇನ್ನು ಕೆಲವು ವರ್ಷಕ್ಕೆ ಜಾಲತಾಣವೂ ಹೋಯಿತು. ಆರು ದಶಕ ಸೀಸದ ಮೊಳೆ, ಕಾಗದದ ಬರ, ಅಂಚೆಯ ವಿಳಂಬ ಎಲ್ಲವನ್ನೂ ಜೀರ್ಣಿಸಿಕೊಂಡ ಪತ್ರಿಕೆಗೆ ಆಧುನೀಕರಣ ಆರೇ ವರ್ಷಕ್ಕೆ ದಕ್ಕದೆ ಹೋಯಿತು. ಅಜ್ಜಿಯ ಟ್ರಂಕಿನಲ್ಲಿದ್ದ ಸಂಚಿಕೆ ಇಂದಿಗೂ ಓದಲು ಬರುತ್ತದೆ. ಒಂದೆರಡು ಪುಟ ಗೆದ್ದಲು ತಿಂದಿರಬಹುದು, ಆದರೆ ಗೆದ್ದಲು ಪೂರ್ತಿ ತಿನ್ನುವುದಿಲ್ಲ, ಅದಕ್ಕೆ ಇನ್ವೆಸ್ಟರ್‌ಗಳಿಲ್ಲ.

ಹಳೆಯ ಸಂಚಿಕೆ ಎಂದಾಗ ನೆನಪಾಯಿತು. 'ದಿ ನ್ಯೂಯಾರ್ಕರ್' 2005ರಲ್ಲೇ ತನ್ನ ಎಂಬತ್ತು ವರ್ಷದ ಪುಟಗಳನ್ನೆಲ್ಲ ಎಂಟು ಡಿವಿಡಿಗೆ ತುಂಬಿ ಮಾರಿತು. ಈಗ ಡಿವಿಡಿ ತೂರಿಸುವ ಕಿಂಡಿಯೇ ಕಂಪ್ಯೂಟರಿನಲ್ಲಿಲ್ಲ ಎಂಬುದು ಬೇರೆ ಮಾತು. ಅದನ್ನು ಕೇಳಿ ಧಣಿಗಳಿಗೂ ಹುರುಪು ಬಂತು. ನಮ್ಮಲ್ಲೂ ತೊಂಬತ್ತರ ದಶಕದಿಂದ ಎಲ್ಲ ಕಂಪ್ಯೂಟರಿನಲ್ಲೇ ಇದೆಯಲ್ಲ, ಒಂದು ಗುಂಡಿ ಒತ್ತಿದರೆ ವೆಬ್‌ಸೈಟಿಗೆ ಹೋಗುತ್ತದೆ ಎಂದರು. ಗುಂಡಿ ಒತ್ತಿದರು. ವೆಬ್‌ಸೈಟಿನಲ್ಲಿ ಕಂಡದ್ದು ಕನ್ನಡವಲ್ಲ, ತಲೆಗೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಡಿಟಿಪಿ ಹುಡುಗರು ಇಷ್ಟು ವರ್ಷ ಟೈಪ್ ಮಾಡಿದ್ದು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಆ ಫಾಂಟು ಇದ್ದರೆ ಅದು ಕನ್ನಡ, ಇಲ್ಲದಿದ್ದರೆ ಯಾವ ದೇವರಿಗೂ ಅರ್ಥವಾಗದ ಮಂತ್ರ. ನುಡಿಯಲ್ಲಿ ಕುಟ್ಟಿದ 'ಕನ್ನಡ'ವನ್ನೇ ತೆಗೆದು ಅಂಟಿಸಿ ನೋಡಿ, ನಟ್ಟನಡುವೆ ಒಂದು ಬ್ರಿಟಿಷ್ ಪೌಂಡ್ ಚಿಹ್ನೆ ಕೂತಿರುತ್ತದೆ. ಪತ್ರಿಕೋದ್ಯಮದಲ್ಲಿ ಕನ್ನಡಕ್ಕೆ ವಿದೇಶಿ ಬಂಡವಾಳ ಹರಿದುಬಂದದ್ದು ಅಷ್ಟೇ ಎಂದು ಕಾಣುತ್ತದೆ.

ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳು ಬಂದವು. ಬದಲಿಸಿದ್ದೂ ಆಯಿತು. ಅರ್ಕಾವತ್ತು ಪಕ್ಕದ ಮನೆಗೆ ಹೋಗಿ ಕೂತಿತು, ಒತ್ತಕ್ಷರ ಮೊದಲ ಸಾಲಿನಲ್ಲಿ ಬಿಟ್ಟು ಮೂರನೆಯ ಸಾಲಿನಲ್ಲಿ ಹತ್ತಿತು. ತಿದ್ದಲು ಕರಡು ನೋಡುವವರು ಬೇಕು. ಡಿಜಿಟಲ್ ಆದ ಮೇಲೆ ಕರಡು ನೋಡುವವರು ಯಾಕೆ ಎಂದು ಅವರನ್ನು ಆ ಹೊತ್ತಿಗಾಗಲೇ ಮನೆಗೆ ಕಳಿಸಿ ಆಗಿತ್ತು. ಹಾಗಾಗಿ ಇಪ್ಪತ್ತು ಮೂವತ್ತು ವರ್ಷದ ಕತೆ, ಧಾರಾವಾಹಿ, ಲೇಖನ ಯಾವುದೂ ಇವತ್ತು ಗೂಗಲ್‌ಗೆ ಸಿಗುವುದಿಲ್ಲ. ಗೂಗಲ್‌ಗೆ ಸಿಗದ ಮೇಲೆ ಕನ್ನಡದಲ್ಲಿ ಬರಹವೇ ಇಲ್ಲ ಎಂದಾಯಿತು. ಕನ್ನಡದಲ್ಲಿ ಬರಹವೇ ಇಲ್ಲವಲ್ಲ ಎಂದು ಧಣಿಗಳು ವಿಚಾರ ಸಂಕಿರಣಗಳಲ್ಲಿ ಕಳವಳ ವ್ಯಕ್ತಪಡಿಸಿದರು, ಶಾಲು ಹೊದಿಸಿಕೊಂಡು ಬಂದರು.

ಅಷ್ಟರಲ್ಲಿ ವಿಡಿಯೋ ಬಂತು. ಜನ ಇನ್ನು ಓದುವುದಿಲ್ಲ, ನೋಡುತ್ತಾರೆ ಎಂದು ಫೇಸ್‌ಬುಕ್ ಹೇಳಿತು. ಅಂಕಿ ಅಂಶ ತೋರಿಸಿತು. 2016ರ ಸೆಪ್ಟೆಂಬರಿನಲ್ಲಿ ಅದೇ ಫೇಸ್‌ಬುಕ್, ಜನ ಸರಾಸರಿ ಎಷ್ಟು ಹೊತ್ತು ವಿಡಿಯೋ ನೋಡುತ್ತಾರೆಂಬ ಲೆಕ್ಕವನ್ನು ಉಬ್ಬಿಸಿ ಹೇಳಿದ್ದೆವು ಎಂದು ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿ ಓಡಿಹೋದವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲವಂತೆ. ಎದ್ದುಹೋದವರನ್ನು ಬಿಟ್ಟು ಎಣಿಸಿದರೆ ನಮ್ಮ ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಯೂ ಕಿಕ್ಕಿರಿದಿರುತ್ತದೆ. ಇಷ್ಟು ಬಯಲಾದ ಮೇಲೂ ಮರುವರ್ಷ ಅಮೆರಿಕದ ಹಲವು ಸಂಸ್ಥೆಗಳು ಬರೆಯುವವರನ್ನು ತೆಗೆದು ವಿಡಿಯೋದ ಕಡೆ ಹೊರಳಿದವು. ಧಣಿಗಳು ಹಿಂದೆ ಬೀಳುತ್ತಾರೆಯೇ? ಇಪ್ಪತ್ತು ವರ್ಷ ಬೇರೆಯವರ ವಾಕ್ಯ ತಿದ್ದಿ ಬೆನ್ನು ಬಾಗಿಸಿಕೊಂಡಿದ್ದ ಉಪಸಂಪಾದಕರನ್ನು ಉಂಗುರದಂಥ ಲೈಟಿನ ಮುಂದೆ ನಿಲ್ಲಿಸಿ 'ಹಾಯ್ ಫ್ರೆಂಡ್ಸ್' ಅನ್ನಿಸಿದರು. ಆ ಮನುಷ್ಯ ಹೆಂಡತಿಗೂ ಅಷ್ಟು ಸಲಿಗೆಯಲ್ಲಿ ಹಾಯ್ ಎಂದವರಲ್ಲ.

ಶೀರ್ಷಿಕೆಗಳ ವಿಷಯ ಹೆಚ್ಚು ಹೇಳುವುದಿಲ್ಲ, ನೀವೇ ದಿನಾ ನೋಡುತ್ತೀರಿ. 'ಮಲೆನಾಡಿನ ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ' ಎಂಬ ಲೇಖನ ವೆಬ್‌ಸೈಟಿನಲ್ಲಿ 'ತೋಟಕ್ಕೆ ಹೋದ ರೈತನಿಗೆ ಕಾದಿತ್ತು ಶಾಕ್! ಎಲೆ ತಿರುಗಿಸಿ ನೋಡಿದರೆ...' ಆಗುತ್ತದೆ. ಆ ಮೂರು ಚುಕ್ಕಿಗಳ ಹಿಂದೆ ಇರುವುದೂ ಎಲೆಚುಕ್ಕಿಯೇ.

ಕೃತಕ ಬುದ್ಧಿಮತ್ತೆ ಬಂದಾಗ ಮಾತ್ರ ಧಣಿಗಳ ಮುಖದಲ್ಲಿ ನಿಜವಾದ ಬೆಳಕು ಕಂಡಿತು. 2023ರ ನವೆಂಬರಿನಲ್ಲಿ ಅಮೆರಿಕದ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆಯ ಜಾಲತಾಣದಲ್ಲಿ ಹುಟ್ಟೇ ಇಲ್ಲದ ಲೇಖಕರ ಹೆಸರಿನಲ್ಲಿ ಬರಹಗಳಿದ್ದದ್ದು ಬಯಲಾಯಿತು. ಲೇಖಕರ ಫೋಟೊ ಕೂಡ ಕಂಪ್ಯೂಟರ್ ಹೆತ್ತದ್ದು, ಪಕ್ಕದಲ್ಲಿ ಅವರ ಹವ್ಯಾಸದ ವಿವರ ಬೇರೆ. ಹೊರಗಿನ ಏಜೆನ್ಸಿಯೊಂದು ಒದಗಿಸಿದ ಸರಕು ಅದು ಎಂದು ನಡೆಸುತ್ತಿದ್ದ ಕಂಪನಿ ಕೈತೊಳೆದುಕೊಂಡಿತು. ಜಗತ್ತು ಛೀಮಾರಿ ಹಾಕಿತು. ಧಣಿಗಳು ಅದರಲ್ಲಿ ಉಳಿತಾಯ ಕಂಡರು. ಆದರೆ ಲೆಕ್ಕ ಹಾಕಿಸಿ ನೋಡಿದಾಗ ನಿರಾಶೆ ಕಾದಿತ್ತು. ಅಮೆರಿಕದವರು ಇಲ್ಲದ ಲೇಖಕರಿಗೆ ಸಂಭಾವನೆ ಕೊಡಬೇಕಾಗಿಲ್ಲ ಎಂದು ಈಗ ಕಂಡುಕೊಂಡಿದ್ದಾರೆ. ನಮ್ಮಲ್ಲಿ ಇರುವ ಲೇಖಕರಿಗೂ ಕೊಟ್ಟ ರೂಢಿಯಿಲ್ಲ. ಮೊದಲೆಲ್ಲ ನೂರು ರೂಪಾಯಿಯ ಮನಿಯಾರ್ಡರ್ ಬರುತ್ತಿತ್ತು, ಪೋಸ್ಟ್‌ಮ್ಯಾನ್‌ಗೆ ಕಾಫಿ ಕುಡಿಸಿ ತೊಂಬತ್ತು ಉಳಿಯುತ್ತಿತ್ತು. ಈಗ ಲಿಂಕ್ ಬರುತ್ತದೆ. ಅದನ್ನು ನಾವೇ ಹಂಚಿ, ನಾವೇ ಲೈಕ್ ಒತ್ತಬೇಕು.

ಎಲ್ಲ ಆದ ಮೇಲೆ ಹೊಸ ಕನ್ಸಲ್ಟೆಂಟರು ಬಂದರು. ಸ್ಲೈಡುಗಳ ಮೇಲೆ ಸ್ಲೈಡು. ಒಟ್ಟು ಸಾರಾಂಶ ಇಷ್ಟು: ಜಾಹೀರಾತನ್ನು ನಂಬಬೇಡಿ, ಅದೆಲ್ಲ ಗೂಗಲ್ ಫೇಸ್‌ಬುಕ್ ಪಾಲು, ಓದುಗರಿಂದಲೇ ದುಡ್ಡು ಪಡೆಯಿರಿ. ಇದಕ್ಕೆ 'ರೀಡರ್ ರೆವಿನ್ಯೂ ಮಾಡೆಲ್' ಎಂದು ಹೆಸರು. ಧಣಿಗಳು ಇಂಥ ಮಾತನ್ನು ಜನ್ಮದಲ್ಲಿ ಕೇಳಿರಲಿಲ್ಲವಂತೆ. 1980ರಲ್ಲಿ ಪಿ. ಲಂಕೇಶ್ ಒಂದೂ ಜಾಹೀರಾತು ಇಲ್ಲದೆ ವಾರಪತ್ರಿಕೆ ತೆಗೆದು, ಓದುಗ ಕೊಟ್ಟ ಚಿಲ್ಲರೆಯಲ್ಲೇ ಎರಡು ದಶಕ ನಡೆಸಿದ್ದು ಇದೇ ಬೆಂಗಳೂರಿನಲ್ಲಿ. ಅದಕ್ಕೂ ಎಷ್ಟೋ ಮೊದಲು ಗಳಗನಾಥರು ಅಗಡಿಯ 'ಸದ್ಬೋಧ ಚಂದ್ರಿಕೆ'ಯನ್ನು ಸಂಪಾದಿಸಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಓದುಗನ ಜಗುಲಿಗೇ ಹೋಗಿ ಮಾರಿದರು. ಅವರಿಗೆ ಸ್ಲೈಡು ಮಾಡಲು ಬರುತ್ತಿರಲಿಲ್ಲ, ಹಾಗಾಗಿ ಅದು ಮಾಡೆಲ್ ಆಗಲಿಲ್ಲ.

ಸಭೆಯ ಕೊನೆಗೆ ಒಂದು ಪ್ರಶ್ನೆ ಬಂತು. ಸರಿ, ಓದುಗ ದುಡ್ಡು ಕೊಡಬೇಕಾದರೆ ನಾವೇನು ಮಾಡಬೇಕು? ಮೂಲೆಯಲ್ಲಿ ಕೂತಿದ್ದ ಹಿರಿಯ ಸಹಸಂಪಾದಕರು, 'ದುಡ್ಡು ಕೊಡುವಷ್ಟು ಚೆನ್ನಾಗಿ ಬರೆಸಬೇಕು ಸ್ವಾಮಿ, ಬರೆದವರಿಗೆ ನಾವು ಮೊದಲು ಕೊಡಬೇಕು' ಎಂದುಬಿಟ್ಟರು. ಸರಿಯುತ್ತರ ಬಂದು ಮೌನ ಮುರಿದದ್ದೇ ತಡ, ಚಂದಮಾಮದ ಬೇತಾಳನ ಹಾಗೆ ಇಡೀ ಯೋಜನೆ ಹೆಗಲಿಂದ ಹಾರಿ ಮತ್ತೆ ಮರಕ್ಕೆ ಜೋತುಬಿತ್ತು. ಕನ್ಸಲ್ಟೆಂಟರು ಮೊದಲ ಸ್ಲೈಡಿಗೆ ಹಿಂತಿರುಗಿದರು. ಆಪ್ ಮಾಡೋಣ ಎಂದು ತೀರ್ಮಾನವಾಯಿತು.

ಆಪ್ ಆಯಿತು. ಇಳಿಸಿಕೊಂಡವರಲ್ಲಿ ಅರ್ಧ ಜನ ಸಿಬ್ಬಂದಿ, ಉಳಿದರ್ಧ ಸಿಬ್ಬಂದಿಯ ನೆಂಟರು. ಅದು ಫೋನ್ ನಂಬರು, ಒಟಿಪಿ, ಫೋಟೊ ಗ್ಯಾಲರಿಗೆ ಅನುಮತಿ, ನಾವಿರುವ ಜಾಗ ಎಲ್ಲ ಕೇಳುತ್ತದೆ. ಭವಿಷ್ಯ ಓದಲು ಬಂದ ನಿವೃತ್ತ ಮೇಷ್ಟರು ಜಾತಕಕ್ಕೂ ಇಷ್ಟು ವಿವರ ಕೊಟ್ಟವರಲ್ಲ. ಗಾಬರಿಯಾಗಿ ಅಳಿಸಿ ಹಾಕಿ, ಬಸ್ ನಿಲ್ದಾಣದ ಪುಸ್ತಕದಂಗಡಿಗೆ ಹೋದರೆ ಅಲ್ಲಿ ಮೊಬೈಲ್ ಕವರ್ ನೇತುಹಾಕಿದ್ದರು. ಪತ್ರಿಕೆ ಬರುವುದಿಲ್ಲವೇ ಎಂದರೆ, 'ಈಗ ಆನ್‌ಲೈನ್ ಅಲ್ವಾ ಸಾರ್' ಎಂದ ಅಂಗಡಿಯವನು.

ಆನ್‌ಲೈನ್ ನಿಜವಾಗಿ ಕೈಹಿಡಿದದ್ದು ಒಬ್ಬನಿಗೆ. ಅವನಿಗೆ ಕಚೇರಿಯಿಲ್ಲ, ಆಪ್ ಇಲ್ಲ, ಬಂಡವಾಳವಿಲ್ಲ. ಬೆಳಗಿನ ಜಾವ ಎದ್ದು ಕನ್ನಡದ ಪತ್ರಿಕೆಗಳನ್ನೆಲ್ಲ ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ, ಕೆಳಗೆ 'ಶುಭೋದಯ' ಎಂದು ಗುಲಾಬಿ ಹೂವು ಇಡುತ್ತಾನೆ. ಗುಂಪಿನಿಂದ ಗುಂಪಿಗೆ ಹರಿದು ಸಿರಸಿಯಿಂದ ಸಿಯಾಟಲ್‌ವರೆಗೆ ಹತ್ತು ನಿಮಿಷದಲ್ಲಿ ತಲುಪುತ್ತದೆ. ಪುಟ ಹಾರುವುದಿಲ್ಲ, ಒಟಿಪಿ ಕೇಳುವುದಿಲ್ಲ. ಓದುಗನಿಗೆ ಏನು ಬೇಕು ಎಂದು ಇವನೊಬ್ಬನಿಗೆ ಗೊತ್ತಾಗಿದೆ, ಇವನೊಬ್ಬ ಮಾಡುತ್ತಿರುವುದು ಕಾನೂನುಬಾಹಿರ.

ಧಣಿಗಳು ಇವನ ಮೇಲೆ ಕೆಂಡಕಾರುತ್ತಿದ್ದರು. ವಕೀಲರಿಂದ ನೋಟಿಸ್ ಕೂಡ ಬರೆಸಿದ್ದರು, ಯಾರ ಹೆಸರಿಗೆ ಕಳಿಸುವುದೆಂದು ತಿಳಿಯದೆ ಅದು ಮೇಜಿನ ಮೇಲೇ ಉಳಿದಿತ್ತು. ಮೊನ್ನೆ ಹೋದಾಗ ಧಣಿಗಳ ಮುಖ ಬಾಡಿತ್ತು. ಎರಡು ವಾರದಿಂದ ಗುಂಪಿನಲ್ಲಿ ಉಳಿದೆಲ್ಲ ಪತ್ರಿಕೆಗಳು ಬರುತ್ತಿವೆ, ಇವರದೊಂದು ಬರುತ್ತಿಲ್ಲ. ಯಾರೂ 'ಯಾಕೆ ಹಾಕಿಲ್ಲ' ಎಂದು ಕೇಳಿಯೂ ಇಲ್ಲವಂತೆ. ಸರ್ಕ್ಯುಲೇಷನ್ ಮ್ಯಾನೇಜರು ಅಡ್ಮಿನ್‌ನ ನಂಬರು ಹುಡುಕಿ ಫೋನ್ ಹಚ್ಚಿದ್ದರು, ಧಣಿಗಳು ಎದುರು ಕೂತು ಸನ್ನೆಯಲ್ಲೇ ಹೇಳಿಕೊಡುತ್ತಿದ್ದರು: ಬೇಕಾದರೆ ಪಿಡಿಎಫ್ ನಾವೇ ಮಾಡಿ ಕಳಿಸುತ್ತೇವೆ ಅನ್ನು.