ಬೇಸ್‌ಲೈನ್ ಭಟ್ರು

ಮದುವೆ ಮನೆಯಲ್ಲಿ ಸಾರಿನ ಕೊಪ್ಪರಿಗೆಯ ಹತ್ತಿರ ನಿಲ್ಲುವ ಭಟ್ರು ಇವರಲ್ಲ. ಗರ್ಭಗುಡಿಯ ಹೊಸ್ತಿಲಲ್ಲಿ ನಿಂತು ಮೇಲಿನಿಂದ ತೀರ್ಥ ಬಿಡುವ ಭಟ್ರೂ ಅಲ್ಲ. ಜಾತಕದಲ್ಲಿ ಇವರ ಹೆಸರು ಏನಿದೆಯೋ, ನಮ್ಮ ಆಫೀಸಿನ ಹುಡುಗರಿಗೆ ಅದು ಬೇಕಾಗಿಲ್ಲ. ಅವರಿಟ್ಟ ಹೆಸರು ಬೇಸ್‌ಲೈನ್ ಭಟ್ರು. ಮಂಗಳೂರಿನ ಕೊಟ್ಟಾರ, ಬಲ್ಮಠ, ಕದ್ರಿ, ಎಲ್ಲಿ ಲಿಫ್ಟ್ ಇರುವ ಕಟ್ಟಡದ ಮೂರನೇ ಮಾಳಿಗೆ ಬಾಡಿಗೆಗೆ ಸಿಗುತ್ತದೋ ಅಲ್ಲೊಂದು ಸಾಫ್ಟ್‌ವೇರ್ ಕಂಪನಿ, ಅಂಥ ಪ್ರತಿ ಕಂಪನಿಯ ಮೂಲೆಯಲ್ಲಿ ಗೋಡೆಗೆ ಬೆನ್ನು ಹಾಕಿ ಕೂತ ಒಬ್ಬ ಭಟ್ರು. ಕೆಲವೆಡೆ ಅವರು ಶೆಟ್ರಾಗಿರುತ್ತಾರೆ, ಕೆಲವೆಡೆ ಪೈಗಳು, ಕೆಲವೆಡೆ ಡಿಸೋಜ ಬಾಯಿ. ಸ್ವಭಾವ ಒಂದೇ.

ಹುದ್ದೆಯ ಹೆಸರು ಕಾನ್ಫಿಗರೇಶನ್ ಮ್ಯಾನೇಜರ್. ಯಾವ ಫೈಲಿನ ಎಷ್ಟನೇ ಆವೃತ್ತಿ ಎಲ್ಲಿದೆ, ಯಾರು ತಿದ್ದಿದರು, ಗಿರಾಕಿಯ ಕೈಗೆ ಹೋದದ್ದು ಯಾವುದು, ಪರೀಕ್ಷೆ ಮಾಡಿದ್ದು ಅದನ್ನೇ ಹೌದೋ ಅಲ್ಲವೋ, ಇದನ್ನೆಲ್ಲ ನೋಡಿಕೊಳ್ಳುವುದು. ಎಲ್ಲರೂ ಒಪ್ಪಿ, ಇನ್ನು ಕೇಳದೆ ಮುಟ್ಟಬಾರದೆಂದು ಗೆರೆ ಎಳೆದ ಆವೃತ್ತಿಯೇ ಬೇಸ್‌ಲೈನ್. ಅವರ ಅತ್ತೆಗೆ ಮಾತ್ರ ಇಷ್ಟು ವರ್ಷವಾದರೂ ಅಳಿಯನ ಕೆಲಸ ಏನೆಂದು ತಿಳಿದಿಲ್ಲ. ಕೇಳಿದವರಿಗೆ ‘ಇನ್ಫೋಸಿಸ್‌ನ ಹಾಗೆಯೇ ಒಂದು ಕಡೆ’ ಎಂದು ಹೇಳಿ ಮುಗಿಸುತ್ತಾರೆ. 1995ರಲ್ಲಿ ಇನ್ಫೋಸಿಸ್ ಕೊಟ್ಟಾರದಲ್ಲಿ ಕೇಂದ್ರ ತೆರೆದಾಗಿನಿಂದ ಮಂಗಳೂರಿನ ಅತ್ತೆಯರಿಗೆ ಈ ಒಂದು ಅನುಕೂಲ ಆಗಿದೆ.

ಹೊಸ ಪ್ರಾಜೆಕ್ಟ್ ಸಿಕ್ಕಿತೆಂದು ಉಳಿದವರೆಲ್ಲ ಐಡಿಯಲ್‌ಗೆ ಹೋಗಿ ಗಡ್‌ಬಡ್ ಐಸ್‌ಕ್ರೀಂ ತಿನ್ನುವ ಹೊತ್ತಿನಲ್ಲಿ ಭಟ್ರು ಪ್ಲಾನ್ ಬರೆಯಲು ಕೂರುತ್ತಾರೆ. ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಪ್ಲಾನ್, ಗಡಿಬಿಡಿಯಲ್ಲಿ ಸಿಎಂ ಪ್ಲಾನ್. ನಿಜವಾದ ಸಿಎಂ ಬರುವ ಪ್ಲಾನ್ ಇದ್ದರೆ ರಸ್ತೆಗಾದರೂ ಡಾಮರು ಬೀಳುತ್ತದೆ. ಈ ಸಿಎಂ ಪ್ಲಾನ್‌ಗೆ ಯಾರ ಕಣ್ಣೂ ಬೀಳುವುದಿಲ್ಲ. ಪ್ರಾಜೆಕ್ಟ್ ಮ್ಯಾನೇಜರು ಮೊದಲ ಪುಟದಲ್ಲಿ ತನ್ನ ಹೆಸರಿನ ಅಕ್ಷರ ಸರಿ ಇದೆಯೇ ಎಂದು ನೋಡಿ ‘ಅಪ್ರೂವ್ಡ್’ ಅನ್ನುತ್ತಾರೆ. ಭಟ್ರಿಗೆ ಬೇಸರವಿಲ್ಲ. ಐಇಇಇ 828 ಎಂಬ ಮಾನದಂಡವನ್ನು ನಂಬಿ ಬದುಕುವ ಜೀವ ಅದು. ಇಂಥ ಪ್ಲಾನಿನಲ್ಲಿ ಏನೇನಿರಬೇಕು ಎಂದು 1983ರಲ್ಲೇ ಹೇಳಿಟ್ಟ ಪುಸ್ತಕ. ಯಾರು ಹೊಣೆ, ಏನೇನನ್ನು ಕಾಯಬೇಕು, ಅವಕ್ಕೆ ಹೆಸರಿಡುವ ಕ್ರಮ ಯಾವುದು, ಬದಲಾವಣೆಗೆ ಒಪ್ಪಿಗೆ ಕೊಡುವವರು ಯಾರು, ಈಗ ಯಾವ ಸ್ಥಿತಿಯಲ್ಲಿದೆ ಎಂದು ಲೆಕ್ಕ ಇಡುವುದು ಹೇಗೆ, ಕೊನೆಗೆ ತಪಾಸಣೆ ಯಾವಾಗ. ಭಟ್ರ ಪ್ಲಾನಿನಲ್ಲಿ ಇದರ ಮೇಲೆ ಒಂದು ಹೆಚ್ಚುವರಿ ಕಲಂ ಉಂಟು: ಫೈಲಿನ ಹೆಸರಿನಲ್ಲಿ ‘ಫೈನಲ್’ ಎಂಬ ಶಬ್ದ ನಿಷಿದ್ಧ.

ಅದಕ್ಕೆ ಕಾರಣವಿದೆ. ಹಿಂದೊಮ್ಮೆ ಒಂದು ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಫೈನಲ್, ಫೈನಲ್ ನ್ಯೂ, ಫೈನಲ್ ನ್ಯೂ 2, ಲೇಟೆಸ್ಟ್ ಫೈನಲ್, ಇದೇ ಫೈನಲ್ ಎಂಬ ಐದು ಫೈಲುಗಳಿದ್ದವು. ಗಿರಾಕಿಗೆ ಹೋದದ್ದು ಈ ಐದರಲ್ಲಿ ಯಾವುದೂ ಅಲ್ಲ. ಅದು ಒಬ್ಬ ಹುಡುಗಿಯ ಪೆನ್‌ಡ್ರೈವಿನಲ್ಲಿತ್ತು. ಹುಡುಗಿ ಮದುವೆಯಾಗಿ ಪುಣೆಗೆ ಹೋಗಿದ್ದಳು.

ಪ್ಲಾನ್ ಮಂಡಿಸುವ ದಿನ ಟೀಮ್ ಲೀಡ್ ಒಬ್ಬ ಕೈ ಎತ್ತಿಯೇ ಎತ್ತುತ್ತಾನೆ. ವಯಸ್ಸು ಇಪ್ಪತ್ತಾರು, ಗಡ್ಡ ಅಚ್ಚುಕಟ್ಟು, ಓದಿದ್ದು ಸುರತ್ಕಲ್ಲು.

‘ಗಿಟ್ ಉಂಟಲ್ಲ ಸರ್, ಎಲ್ಲ ಅದೇ ಇಟ್ಕೊಳ್ತದೆ. ಮತ್ತೆ ಈ ಪ್ಲಾನ್ ಎಲ್ಲ ಯಾಕೆ?’

ಭಟ್ರು ಕನ್ನಡಕ ತೆಗೆದು ಒರೆಸುತ್ತಾರೆ. ‘ಗಿಟ್ ಉಂಟು ಮಾರಾಯ. ಯಾರು ಬದ್ಲಾಯಿಸಿದ್ದು ಅಂತ ಗಿಟ್ ಹೇಳ್ತದೆ. ಬದ್ಲಾಯಿಸ್ಲಿಕ್ಕೆ ಹೇಳಿದ್ದು ಯಾರು ಅಂತ ಹೇಳ್ತದಾ?’

ಹುಡುಗ ಕೂರುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ, ಇವರ ಇಡೀ ವಿದ್ಯೆ ಈ ಒಂದು ಪ್ರಶ್ನೆಯಲ್ಲಿದೆ. ಉಳಿದ ನಲವತ್ತು ಪುಟ ಕಂಪನಿಯ ಲೋಗೋ ಹಾಕಲಿಕ್ಕೆ.

ಆದರೆ ಕೂತ ಹುಡುಗನನ್ನು ಭಟ್ರು ಅಷ್ಟಕ್ಕೇ ಬಿಡುವವರಲ್ಲ, ಆವೃತ್ತಿಗಳ ಲೆಕ್ಕ ಇಡುವ ತಂತ್ರಾಂಶಗಳ ಪ್ರವರ ಒಪ್ಪಿಸುತ್ತಾರೆ. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರೋಚ್‌ಕೈಂಡ್ ಮಾಡಿದ ಎಸ್‌ಸಿಸಿಎಸ್, ಆಮೇಲೆ ವಾಲ್ಟರ್ ಟಿಶಿಯವರ ಆರ್‌ಸಿಎಸ್, ಅದರ ಮೇಲೆ ಸಿವಿಎಸ್, 2000ದಲ್ಲಿ ಕೆಲಸ ಶುರುವಾದ ಸಬ್‌ವರ್ಷನ್, 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಗಿಟ್. ನಡುವೆ ಮೈಕ್ರೋಸಾಫ್ಟಿನ ಸೋರ್ಸ್‌ಸೇಫ್ ಬಂದಾಗ ಸ್ವರ ಇಳಿಯುತ್ತದೆ. ಅದರಲ್ಲಿ ಒಬ್ಬ ಫೈಲನ್ನು ಚೆಕ್‌ಔಟ್ ಮಾಡಿದರೆ ಅದಕ್ಕೆ ಬೀಗ ಬಿದ್ದ ಹಾಗೆ, ಅವನು ಬಿಡುವ ತನಕ ಇನ್ನೊಬ್ಬ ಮುಟ್ಟುವಂತಿಲ್ಲ. ಒಬ್ಬ ಪುಣ್ಯಾತ್ಮ ಬಿಲ್ಲಿಂಗಿನ ಫೈಲಿಗೆ ಹೀಗೆ ಬೀಗ ಹಾಕಿ ಬಂಟ್ವಾಳದ ಕಡೆ ಮನೆಯ ನೇಮಕ್ಕೆ ಹೋಗಿಬಿಟ್ಟ. ಮೊಬೈಲ್ ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲ. ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಫೋನು ಮಾಡಿದರೆ ಒಬ್ಬ ಹೆಂಗಸು ಎತ್ತಿ, ‘ದೈವಕ್ಕೆ ಗಗ್ಗರ ಕಟ್ಟುವ ಹೊತ್ತು, ಅವ ಈಗ ಬರುದಿಲ್ಲ’ ಎಂದು ಇಟ್ಟರು. ಅಡ್ಮಿನ್ ಆಗಿದ್ದ ಭಟ್ರಿಗೆ ಬೀಗ ಒಡೆಯುವ ಅಧಿಕಾರವಿತ್ತು. ಒಡೆದರೆ ಅವನು ತಿದ್ದಿದ್ದು ಸೇರದೆ ಹೋಗುತ್ತದೆ, ಒಡೆಯದಿದ್ದರೆ ಬಿಲ್ಲಿಂಗ್ ನಿಲ್ಲುತ್ತದೆ. ಒಡೆಯಲಿಲ್ಲ. ‘ದೈವದ ಹತ್ತಿರ ಮಾತಿಗೆ ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ’ ಎಂದು ಮ್ಯಾನೇಜರಿಗೆ ಲಿಖಿತವಾಗಿ ಕೊಟ್ಟರಂತೆ.

ಹೊಸಬರ ತರಬೇತಿಗೆ ಭಟ್ರ ಹತ್ತಿರ ಸ್ಲೈಡುಗಳಿಲ್ಲ. ಮೇಜಿನ ಮೇಲೆ ಒಂದು ಮಂಗಳೂರು ಹೆಂಚು ಉಂಟು, ಕಾಗದ ಹಾರದ ಹಾಗೆ ಇಟ್ಟದ್ದು. ಅದನ್ನು ಕೈಗೆ ಕೊಟ್ಟು, ‘ಎಂತ ಬರ್ದಿದೆ ಓದಿ’ ಅನ್ನುತ್ತಾರೆ. ಫ್ಯಾಕ್ಟರಿಯ ಹೆಸರು ಅಚ್ಚೊತ್ತಿರುತ್ತದೆ. ಅಲ್ಲಿಂದ ಪಾಠ ಶುರು. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು, ಅವರನ್ನು ನೋಡಿ ಆಲ್ಬುಕರ್ಕ್ ಮೊದಲಾದವರು ಶುರು ಮಾಡಿದ್ದು, ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಗಿ ಹೆಂಚಿನ ಮೇಲಿನ ಹೆಸರೂ ಬದಲಾದದ್ದು. ‘ಮಳೆಗಾಲಕ್ಕೆ ಮೊದ್ಲು ಮಾಡಿನಲ್ಲಿ ನಾಲ್ಕು ಹೆಂಚು ಒಡ್ದಿರ್ತದೆ. ಬೇರೆ ಫ್ಯಾಕ್ಟರಿದು ತಂದು ಹಾಕಿದ್ರೆ ಕೊಂಡಿ ಸರಿ ಕೂರುದಿಲ್ಲ, ಜೂನಿಗೆ ಗೊತ್ತಾಗ್ತದೆ ನಿಮ್ಗೆ. ಹೆಸರು ಹಾಕದ್ದು ತಂದ್ರೆ ಅದು ಯಾವ ಮಾಡಿನದ್ದು ಅಂತ ಯಾರನ್ನು ಕೇಳುದು?’ ಹಾಸನದಿಂದ ಬಂದ ಹುಡುಗಿಯೊಬ್ಬಳು ಇದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡು, ಕಂಪನಿ ಹೆಂಚಿನದ್ದೋ ಸಾಫ್ಟ್‌ವೇರಿನದ್ದೋ ಎಂದು ಸಂಜೆ ಪಿ.ಜಿ.ಯಲ್ಲಿ ಅತ್ತಳೆಂದು ವದಂತಿ.

ಭಟ್ರ ಜೀವನದ ಸುವರ್ಣ ದಿನ 2014ರ ನವೆಂಬರ್ 1. ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಗಿ ಮ್ಯಾಂಗಲೋರ್ ಹೋಗಿ ಮಂಗಳೂರು ಆಯಿತು. ನಮಗೆ, ಕುಡ್ಲ ಎಂದೋ ಕೊಡಿಯಾಲ ಎಂದೋ ಮೈಕಾಲ ಎಂದೋ ಕರೆದುಕೊಂಡಿದ್ದವರಿಗೆ, ಅದೇನು ಹೊಸತಲ್ಲ. ಸಾಫ್ಟ್‌ವೇರಿಗೆ ಹಾಗಲ್ಲ. ಒಬ್ಬ ಉತ್ಸಾಹಿ ಇಡೀ ಕೋಡಿನಲ್ಲಿ ಹುಡುಕಿ-ಬದಲಿಸು ಒತ್ತಿ ಐದು ನಿಮಿಷದಲ್ಲಿ ಮುಗಿಸುತ್ತೇನೆಂದು ಹೊರಟ. ಭಟ್ರು ಅವನ ಕೈ ಹಿಡಿದರು, ಅಕ್ಷರಶಃ. ‘ಎಂಆರ್‌ಪಿಎಲ್‌ನ ಎಂ ಎಂತದ್ದು? ಮ್ಯಾಂಗಲೋರ್ ರಿಫೈನರಿ. ಅವ್ರು ಹೆಸರು ಬದ್ಲಾಯಿಸಿದ್ದಾರಾ? ನೀವು ಇಲ್ಲಿ ಕೂತು ರಿಫೈನರಿಗೆ ನಾಮಕರಣ ಮಾಡುದಾ?’ ಆಮೇಲೆ ರೈಲ್ವೆಯ ಗುಣಗಾನ. ಸ್ಟೇಷನ್ನಿನ ಬೋರ್ಡು ಬದಲಾಯಿತು, ಮಂಗಳೂರು ಸೆಂಟ್ರಲ್‌ನ ಕೋಡು ಎಂಎಕ್ಯೂ ಹಾಗೇ ಉಳಿಯಿತು. ವಿಮಾನ ನಿಲ್ದಾಣದ ಐಎಕ್ಸ್‌ಇ ಕೂಡ ಹಾಗೇ. ‘ಹೆಸರು ಬೇರೆ, ಗುರ್ತು ಬೇರೆ. ಹೆಸರು ದಿನಾ ಬದ್ಲಾಯಿಸಿ, ಗುರ್ತು ಮುಟ್ಬೇಡಿ.’

ಆದ್ದರಿಂದಲೇ ಮುಂದೆ ಬ್ಯಾಂಕುಗಳು ವಿಲೀನವಾದಾಗ ಅವರ ದುಃಖ ಊರಿನ ದುಃಖಕ್ಕಿಂತ ಬೇರೆಯಾಗಿತ್ತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ಮಂಗಳೂರಿನಲ್ಲಿ ಹುಟ್ಟಿದ ಒಂದು, ಪಾಂಡೇಶ್ವರದಲ್ಲಿ ಪ್ರಧಾನ ಕಚೇರಿ ಇದ್ದ ಇನ್ನೊಂದು. ಜನ ಅಜ್ಜಂದಿರ ಬ್ಯಾಂಕು ಹೋಯಿತೆಂದು ಮರುಗಿದರು. ಭಟ್ರು ಐಎಫ್‌ಎಸ್‌ಸಿ ಕೋಡು ಹೋಯಿತೆಂದು ಮರುಗಿದರು.

ಬುಧವಾರ ಸಂಜೆ ನಾಲ್ಕಕ್ಕೆ ಸಿಸಿಬಿ. ಪೊಲೀಸರದ್ದಲ್ಲ, ಚೇಂಜ್ ಕಂಟ್ರೋಲ್ ಬೋರ್ಡ್. ಬದಲಾವಣೆ ಬೇಕೆಂದವರು ಅರ್ಜಿ ತುಂಬಿಸಿ ಈ ಬೋರ್ಡಿನ ಮುಂದೆ ಬರಬೇಕು. ಮೇಜಿನ ನಡುವೆ ಪೇಪರಿನಲ್ಲಿ ಗೋಳಿಬಜೆ, ಪಕ್ಕದಲ್ಲಿ ಸ್ಪೀಕರ್ ಫೋನು, ಫೋನಿನಲ್ಲಿ ಮಸ್ಕತ್ತಿನ ಗಿರಾಕಿ. ಗಿರಾಕಿ ಎಂದರೆ ಅಲ್ಲಿ ಕೂತ ನಮ್ಮ ಉಳ್ಳಾಲದವರೇ.

‘ಭಟ್ರೇ, ಒಂದು ಸಣ್ಣ ಚೇಂಜ್. ಆ ಸೇವ್ ಬಟನ್ ಸ್ವಲ್ಪ ಬಲಕ್ಕೆ ಹಾಕಿ ಮಾರ್ರೆ.’

‘ಸಣ್ಣ’ ಎಂಬ ಶಬ್ದ ಕೇಳಿದ್ದೇ ಭಟ್ರ ಕೈಯ ಗೋಳಿಬಜೆ ಬಾಯಿಯ ದಾರಿಯಲ್ಲೇ ನಿಂತಿತು. ‘ಇಂಗ್ಲಿಷ್ ಸ್ಕ್ರೀನಲ್ಲಿ ಬಲಕ್ಕಾ? ನಿಮ್ದು ಅರಬಿ ಸ್ಕ್ರೀನ್ ಉಂಟಲ್ಲ, ಅದು ಉಲ್ಟಾ. ಅದ್ರಲ್ಲಿ ಎಡಕ್ಕೆ ಹೋಗ್ಬೇಕಾ?’

ಫೋನಿನಲ್ಲಿ ಮೌನ. ‘ಹೌದಲ್ಲ. ಅದು ಅರಬಿಯವರನ್ನೇ ಕೇಳ್ಬೇಕು.’

‘ಕೇಳಿ. ಯೂಸರ್ ಮ್ಯಾನ್ಯುವಲ್ಲಿನಲ್ಲಿ ಆ ಬಟನಿನ ಫೋಟೋ ಇರುವ ಪುಟ ಎಲ್ಲ ಬದ್ಲಾಯಿಸ್ಲಿಕ್ಕುಂಟು. ಟೆಸ್ಟಿಂಗಿನವರದ್ದು ಸ್ಕ್ರಿಪ್ಟ್ ಹಳೇ ಜಾಗದಲ್ಲೇ ಒತ್ತುದು, ಅದೂ ಉಂಟು. ಮತ್ತೆ, ಇದು ಹೇಳಿದ್ದು ಯಾರು?’

‘ನಮ್ಮ ಸೇಠ್‌ನ ಮಗ.’

‘ಅವರ ಒಂದು ಮೈಲ್ ಬರ್ಲಿ.’

ಮೈಲ್ ಬರಲಿಲ್ಲ. ಬಟನ್ ಇದ್ದಲ್ಲೇ ಇದೆ. ಬದಲಾವಣೆ ತಡೆಯುವುದು ಭಟ್ರ ಉದ್ದೇಶವಲ್ಲ, ಪಾಪ. ಆದರೆ ಯಾರು ಹೇಳಿದ್ದು ಎಂದು ಬರೆದುಕೊಡಬೇಕಾದಾಗ ಮುಕ್ಕಾಲು ಪಾಲು ಬದಲಾವಣೆಗಳು ತಾವಾಗಿಯೇ ಬೇಡವಾಗುತ್ತವೆ. ಇದನ್ನು ನಾನು ನಮ್ಮ ಅಪಾರ್ಟ್‌ಮೆಂಟಿನ ಕಮಿಟಿಯಲ್ಲೂ ಕಂಡಿದ್ದೇನೆ.

ಯಾರಾದರೂ ಹೆಚ್ಚು ಗೊಣಗಿದರೆ ಭಟ್ರ ಹತ್ತಿರ ನೈಟ್ ಕ್ಯಾಪಿಟಲ್ ಉಂಟು. 2012ರ ಆಗಸ್ಟ್ 1, ಅಮೆರಿಕದ ಆ ಷೇರು ವಹಿವಾಟಿನ ಕಂಪನಿ ಎಂಟು ಸರ್ವರುಗಳಿಗೆ ಹೊಸ ಕೋಡ್ ಹಾಕಿಸಿತ್ತು. ಹಾಕಿದ್ದು ಏಳಕ್ಕೆ. ಎಂಟನೆಯದರಲ್ಲಿ ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡ್ ಎದ್ದು ಕೂತು ಸಿಕ್ಕಿದ್ದನ್ನೆಲ್ಲ ಕೊಳ್ಳಲು, ಮಾರಲು ತೊಡಗಿತು. ಸುಮಾರು 45 ನಿಮಿಷ, 44 ಕೋಟಿ ಡಾಲರಿಗೂ ಮೀರಿದ ನಷ್ಟ. ಹಾಕಿದ್ದನ್ನು ಎರಡನೆಯವನೊಬ್ಬ ನೋಡಬೇಕೆಂಬ ನಿಯಮ ಅಲ್ಲಿ ಬರಹದಲ್ಲಿ ಇರಲಿಲ್ಲ. ‘ಬರಹದಲ್ಲಿ’ ಎನ್ನುವಾಗ ಭಟ್ರು ಹೆಂಚಿನ ಮೇಲೆ ಬೆರಳಿನಿಂದ ಕುಟ್ಟುತ್ತಾರೆ. ಹುಡುಗರಿಗೆ ಈ ಕಥೆ ಬಾಯಿಪಾಠ. ಎಂಟನೇ ಸರ್ವರ್ ಬರುವಾಗ ಹಿಂದಿನ ಸಾಲಿನಿಂದ ಚೆಂಡೆಯ ಪೆಟ್ಟು ಕೇಳಿಸುತ್ತದೆ, ಬಾಯಿಯಲ್ಲಿ.

ಇಂಥ ಮನುಷ್ಯ ಮಗಳ ಮದುವೆಯ ಆಮಂತ್ರಣ ಪತ್ರಿಕೆ ಮಾಡಿಸಲು ಹೊರಟರು. ಮೊದಲ ಪ್ರೂಫ್ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದದ್ದೇ ತಡ, ಬದಲಾವಣೆಗಳು ಸುರಿಯತೊಡಗಿದವು. ದೊಡ್ಡಪ್ಪನ ಹೆಸರು ಮೇಲೆ ಬರಬೇಕು. ಪುತ್ತೂರಿನ ಅತ್ತೆಯ ಹೆಸರಿನಲ್ಲಿ ‘ಶ್ರೀಮತಿ’ ಬಿಟ್ಟುಹೋಗಿದೆ. ಸುಮುಹೂರ್ತ ಅಭಿಜಿನ್ ಎಂದು ಹಾಕಿದ್ದೀರಿ, ಗಂಟೆಯೂ ಹಾಕಿ. ಗಂಟೆ ಹಾಕಿದರೆ ಜನ ಊಟದ ಹೊತ್ತಿಗೇ ಬರುತ್ತಾರೆ, ತೆಗೆಯಿರಿ. ಭಟ್ರು ಅರ್ಜಿ ನಮೂನೆಯನ್ನು ಗುಂಪಿಗೆ ಹಾಕಿದರು. ತುಂಬಿಸಿದವರು ಯಾರೂ ಇಲ್ಲ. ಭಾವ ಮಾತ್ರ ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು, ಅದರಲ್ಲಿ ಎರಡು ನಿಮಿಷ ಅಡಿಕೆಯ ರೇಟು.

ಕೊನೆಗೆ ರಥಬೀದಿಯ ಹತ್ತಿರದ ಹಳೆಯ ಪ್ರೆಸ್ಸಿಗೆ ಅವರೇ ಹೋದರು, ಜೊತೆಗೆ ನಾನೂ ಇದ್ದೆ. 1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದ, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದ ಊರು ಇದು. ಪ್ರೂಫ್ ನೋಡುವುದು ಇಲ್ಲಿನ ಮಣ್ಣಿನಲ್ಲಿದೆ. ಪ್ರೆಸ್ಸಿನ ಯಜಮಾನರು ಬನಿಯನ್ನಿನಲ್ಲಿ ಕೂತಿದ್ದರು. ಭಟ್ರು ಬದಲಾವಣೆಗಳನ್ನು ಬಾಯಿಯಲ್ಲಿ ಹೇಳಲು ಶುರು ಮಾಡಿದರು. ಯಜಮಾನರು ಕೈ ಅಡ್ಡ ಹಿಡಿದರು.

‘ಬಾಯಲ್ಲಿ ಹೇಳ್ಬೇಡಿ. ಇದ್ರಲ್ಲಿ ಕೆಂಪು ಪೆನ್ನಲ್ಲಿ ತಿದ್ದಿ, ಅಡಿಯಲ್ಲಿ ತಾರೀಕು ಹಾಕಿ ಸಹಿ ಮಾಡಿ. ಸಹಿ ಇಲ್ಲದ್ದು ಮೆಶಿನಿಗೆ ಹೋಗುದಿಲ್ಲ.’

ಭಟ್ರು ಒಮ್ಮೆ ಸುಮ್ಮನಾದರು. ‘ಹಳೇದು ಎಂತ ಮಾಡ್ತೀರಿ?’

ಯಜಮಾನರು ಬೆನ್ನ ಹಿಂದಿನ ಕಪಾಟು ತೆರೆದರು. ಸೆಣಬಿನ ಹುರಿಯಲ್ಲಿ ಕಟ್ಟಿದ ಕಟ್ಟುಗಳು, ಪ್ರತಿ ಕಟ್ಟಿನ ಮೇಲೆ ವರ್ಷ, ಪ್ರತಿ ಪ್ರೂಫಿನ ಮೇಲೆ ಒಬ್ಬ ಅಪ್ಪನ ಸಹಿ. ‘ಮೊನ್ನೆ ಒಬ್ರು ಬಂದು, ಹೆಣ್ಣಿನ ಹೆಸರು ತಪ್ಪಿದೆ ಅಂತ ಜಗಳ. ಅವರದ್ದೇ ಸಹಿ ತೋರಿಸ್ದೆ. ಹೋದ್ರು.’

‘ಇದಕ್ಕೆ ನೀವು ಪ್ಲಾನ್ ಎಂತಾದ್ರೂ ಬರ್ದಿದ್ದೀರಾ?’ ಭಟ್ರ ಸ್ವರದಲ್ಲಿ ಇದ್ದದ್ದು ಭಕ್ತಿಯೇ.

‘ಎಂತ ಪ್ಲಾನ್? ಮದುವೆ ಕಳೆದ ಮೇಲೆ ಯಾರೂ ಒಪ್ಪುದಿಲ್ಲ ಮಾರಾಯ್ರೆ, ಅದಕ್ಕೆ ಮೊದ್ಲೇ ಸಹಿ.’

ಭಟ್ರು ಸಹಿ ಮಾಡಿದರು. ಜೆರಾಕ್ಸ್ ಒಂದು ಬೇಕು ಎಂದರು, ತಮ್ಮ ದಾಖಲೆಗೆ. ಯಜಮಾನರು ಮೊದಲ ಬಾರಿ ತಲೆ ಎತ್ತಿ ಅವರನ್ನು ಸರಿಯಾಗಿ ನೋಡಿ, ನಿಮ್ಮದು ಯಾವ ಪ್ರೆಸ್ಸು ಎಂದು ಕೇಳಿದರು.

ಮುಂದಿನ ಬುಧವಾರದ ಬದಲಾವಣೆ ಅರ್ಜಿಯಲ್ಲಿ ಐಇಇಇಯಲ್ಲಿ ಇಲ್ಲದ ಒಂದು ಸಾಲು ಸೇರಿತ್ತು: ಸಹಿ ಇಲ್ಲದ್ದು ಮೆಶಿನಿಗೆ ಹೋಗುದಿಲ್ಲ. ಯಾವ ಮೆಶಿನು ಎಂದು ಗಡ್ಡದ ಟೀಮ್ ಲೀಡ್ ಕೇಳಿದ. ಈಗ ನಮ್ಮ ಬಿಲ್ಡ್ ಸರ್ವರಿನ ಹೆಸರು ರಥಬೀದಿ. ಬದಲಾಯಿಸಬೇಕೆಂದು ಇಬ್ಬರು ಅರ್ಜಿ ಹಾಕಿದ್ದಾರೆ, ಪರಿಶೀಲನೆಯಲ್ಲಿದೆ.