ಹೊರಡೋಣ ಅಂತಾನೇ ಇದ್ವಿ, ಅಷ್ಟರಲ್ಲಿ...

ಶನಿವಾರ ಜೋಗಕ್ಕೆ ಹೋಗೋದು ಅಂತ ಪಕ್ಕಾ ಆಗಿದೆ ಅಲ್ವಾ? ಬ್ಯಾಗು ಅಟ್ಟದಿಂದ ಇಳಿದಿದೆ, ನಿಪ್ಪಟ್ಟು ಡಬ್ಬಿ ಸೇರಿದೆ, ಎರಡು ದಿನ ಹಾಲು ಬೇಡ ಅಂತ ಹಾಲಿನವನಿಗೂ ಹೇಳಿಯಾಗಿದೆ. ಹಾಗಿದ್ದಮೇಲೆ ಗುರುವಾರ ಬೆಳಿಗ್ಗೆಯಿಂದ ಬಾಲ್ಕನಿಗೆ ಹೋಗಿ ಹೋಗಿ ಆಕಾಶ ನೋಡ್ತಾ ಇದ್ದೀರಲ್ಲ, ಅದು ಮೋಡ ಇರದೇ ಇರಲಿ ಅಂತಲೋ, ಇರಲಿ ಅಂತಲೋ? (ಮೆಲ್ಲಗೆ ಹೇಳಿ. ಮನೆಯವರು ಮಿಕ್ಸಿ ಹಾಕಿದ್ದಾರೆ, ಕೇಳಿಸಲ್ಲ.)

ಸಂಕೋಚ ಯಾಕೆ, ಹೇಳಿ. ಸೆಪ್ಟೆಂಬರ್ ತಿಂಗಳು ಇರೋದೇ ಹಾಗೆ. ಮಳೆಗಾಲ ಅಂದ್ರೆ ಜೂನ್ ಅಂದ್ಕೊಂಡು ಹೊಸ ಕೊಡೆ ತಗೊಂಡು, ಜುಲೈಯಲ್ಲಿ ಅದನ್ನ ಬಸ್ಸಲ್ಲಿ ಮರೆತು ಬರೋರು ನಾವು. ಬೆಂಗಳೂರಿಗೆ ವರ್ಷದಲ್ಲೇ ಹೆಚ್ಚು ಮಳೆ ಬರೋದು ಸೆಪ್ಟೆಂಬರಲ್ಲಿ, ಅಂದ್ರೆ ಕೊಡೆ ಕಳೆದುಹೋದ ಮೇಲೆ. ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಫ್ಯಾನು ಐದರಲ್ಲಿ ತಿರುಗಬೇಕು, ಸಂಜೆ ಆಫೀಸು ಬಿಡೋ ಹೊತ್ತಿಗೆ ಸರಿಯಾಗಿ ಗುಡುಗು.

ಟೆರೇಸಿನ ಬಟ್ಟೆ ನೆನಪಾಯ್ತಾ? ಮೊದಲ ಹನಿ ಬೀಳೋದೇ ತಡ, ನೀವು ಒಂದೊಂದು ಮೆಟ್ಟಿಲು ಬಿಟ್ಟು ಹಾರಿ ಮೇಲೆ ಓಡ್ತೀರಿ. ಹೆಗಲ ಮೇಲೆ ಬೆಡ್‌ಶೀಟು, ಕಂಕುಳಲ್ಲಿ ಯೂನಿಫಾರಂ, ಬಾಯಲ್ಲಿ ಎರಡು ಕ್ಲಿಪ್ಪು. ಎದುರು ಟೆರೇಸಿನವರೂ ಅದೇ ಅವತಾರದಲ್ಲಿ. ಬಾಯಲ್ಲಿ ಕ್ಲಿಪ್ಪಿದೆಯಲ್ಲ, ಹಾಗಾಗಿ ಹುಬ್ಬಲ್ಲೇ ನಮಸ್ಕಾರ.

ಎಲ್ಲಾ ತಂದು ಸೋಫಾ ಮೇಲೆ ಗುಡ್ಡೆ ಹಾಕಿ ಉಸ್ಸಪ್ಪಾ ಅನ್ನೋಷ್ಟರಲ್ಲಿ ಕಿಟಕಿಯಲ್ಲಿ ಬಿಸಿಲು! ಮತ್ತೆ ಹೋಗಿ ಹಾಕ್ತೀರಾ? ಎಲ್ಲಾದರೂ ಉಂಟೇ? ಜೀನ್ಸಿನ ಸೊಂಟದ ಪಟ್ಟಿ ಕೆನ್ನೆಗೆ ಒತ್ತಿ ನೋಡ್ತೀರಿ, ಒದ್ದೆನೋ ತಣ್ಣಗಿದೆಯೋ ಗೊತ್ತಾಗಲ್ಲ. ಮೂಸಿ ನೋಡ್ತೀರಿ, ಮುಗ್ಗಲು ವಾಸನೆ. ಕೊನೆಗೆ ಡೈನಿಂಗ್ ಟೇಬಲ್ಲಿನ ಕುರ್ಚಿಗಳ ಬೆನ್ನಿಗೆ ಹೊದಿಸಿ ಫ್ಯಾನು ಹಾಕೋದು. (ಆ ವಾರ ಊಟ ನೆಲದ ಮೇಲೆ. ಕೇಳಿದರೆ, ಕೆಳಗೆ ಕೂತು ಉಂಡ್ರೆ ಜೀರ್ಣಕ್ಕೆ ಒಳ್ಳೇದು ಅಂತೀರಿ.)

ಇರಲಿ, ಜೋಗದ ವಿಷಯಕ್ಕೆ ಬರೋಣ. ಮೊಬೈಲ್ ತೆಗೀರಿ. ಶನಿವಾರಕ್ಕೆ ಮಳೆ ಸಾಧ್ಯತೆ 40 ಪರ್ಸೆಂಟ್ ಅಂತ ತೋರಿಸ್ತಿದೆ. ಇಂಥಾ ಹತ್ತು ದಿನ ಇದ್ದರೆ ಅದರಲ್ಲಿ ನಾಲ್ಕು ದಿನ ಮಳೆ ಆಗಬಹುದು ಅನ್ನೋದಷ್ಟೇ ಅದರ ಲೆಕ್ಕ. ಆದರೆ ನೀವು ಹಾಗೆ ಓದಲ್ಲ. ಹೋಗೋ ಹುಮ್ಮಸ್ಸಿದ್ದ ದಿನ, ‘ಬರೀ ನಲವತ್ತು ಕಣ್ರೀ, ಏನೂ ಆಗಲ್ಲ!’ ಹುಮ್ಮಸ್ಸು ಇಳಿದ ದಿನ ಅದೇ ಅಂಕಿ, ‘ಅಬ್ಬಾ, ನಲವತ್ತು!’

ಅದೂ ಸಾಲದಿದ್ದರೆ ಹವಾಮಾನ ಇಲಾಖೆಯ ಬಣ್ಣಗಳಿವೆ. ಹಳದಿ ಅಂದ್ರೆ ಗಮನವಿಟ್ಟಿರಿ, ಕಿತ್ತಳೆ ಅಂದ್ರೆ ಸಿದ್ಧವಾಗಿರಿ, ಕೆಂಪು ಅಂದ್ರೆ ಕೂಡಲೇ ಏನು ಬೇಕೋ ಅದು ಮಾಡಿ. ಹಳದಿ ಕಂಡ ಕೂಡಲೇ ನೀವು ಮನೆ ಮಂದಿಗೆಲ್ಲ ಸ್ಕ್ರೀನ್‌ಶಾಟ್ ಕಳಿಸೋದು ಯಾಕೆ ಅಂತ ಇಲಾಖೆಯವರಿಗೇನು ಗೊತ್ತು? ಅವರ ಪುಸ್ತಕದಲ್ಲಿ ಭಾರಿ ಮಳೆ ಅನ್ನಿಸ್ಕೋಬೇಕಾದ್ರೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ಸುರೀಬೇಕು. ನಿಮ್ಮ ಪುಸ್ತಕದಲ್ಲಿ? ಗೇಟಿನ ಹತ್ರ ಚಪ್ಪಲಿ ನೆಂದರೆ ಸಾಕು.

ಮನೆಯಲ್ಲಿ ಅಜ್ಜಿ ಇದ್ದರಂತೂ ಪರ್ಸೆಂಟೂ ಬೇಡ, ಬಣ್ಣವೂ ಬೇಡ. ‘ಉತ್ತರೆ ಮಳೆ ಹಿಡ್ಕೊಂಡಿದೆ, ಈಗೆಲ್ಲಿಗೆ ಹೊರಟ್ರಿ?’ ಮುಗೀತು. ಒಂದು ನಕ್ಷತ್ರ ಅಂದ್ರೆ ಹದಿಮೂರು ಹದಿನಾಲ್ಕು ದಿನ, ಅಷ್ಟಕ್ಕೂ ಒಂದೇ ಮಾತಲ್ಲಿ ಮುನ್ಸೂಚನೆ. ಬೇರೆ ದಿನ ಅಜ್ಜಿ ಮಾತಿಗೆ ಉಹ್ಞೂಂ ಅನ್ನೋ ನೀವು ಇವತ್ತು ಮಾತ್ರ ಪಕ್ಕ ಬಂದು ಕೂತಿದ್ದೀರಿ. ‘ಹೌದಾ ಅಜ್ಜಿ? ಘಾಟಿ ಕಡೆ ಜಾಸ್ತಿನಾ?’

ಈಗ ನಿಜ ಹೇಳಿಬಿಡಿ. ಆರು ವಾರದ ಹಿಂದೆ ಯಾರದೋ ಮನೆ ಜಗುಲಿಯಲ್ಲಿ ಕಾಫಿ ಕುಡೀತಾ ‘ಎಲ್ಲರೂ ಸೇರಿ ಜೋಗಕ್ಕೆ ಹೋಗೋಣ’ ಅಂತ ಮೊದಲು ಕೂಗಿದ್ದು ನೀವೇ. ಆವಾಗ ಆಸೆ ನಿಜವಾಗಿಯೂ ಇತ್ತು. ಈಗ ಹತ್ತಿರ ಬಂದ ಮೇಲೆ ರಾತ್ರಿ ರೈಲು, ಬೆಳಿಗ್ಗೆ ತಾಳಗುಪ್ಪ, ಒಂದು ರೂಮಿಗೆ ಐದು ಜನ, ಒಂದು ಬಾತ್‌ರೂಮು, ಗೀಸರ್ ಇದೆಯೋ ಇಲ್ಲವೋ... ಅಯ್ಯೋ, ಶನಿವಾರ ಮನೇಲಿ ಬಿದ್ಕೊಂಡಿದ್ರೆ ಎಷ್ಟು ಚೆನ್ನ!

ಹಾಗಂತ ‘ನಾವು ಬರಲ್ಲ’ ಅಂತ ಹೇಳ್ತೀರಾ? ಅದು ಮಾತ್ರ ನಮ್ಮ ಜಾಯಮಾನದಲ್ಲೇ ಇಲ್ಲ. ಬರಲ್ಲ ಅಂದವರ ಹೆಸರು ಮುಂದಿನ ಮೂರು ಮದುವೆ ಮನೆಗಳಲ್ಲಿ ಹೇಳ್ಕೊಂಡು ತಿರುಗ್ತಾರೆ. ಹಾಗಾಗಿ ‘ನಾವು ರೆಡಿನಪ್ಪಾ’ ಅಂತ ಗ್ರೂಪಲ್ಲಿ ಹಾಕೋದು, ಆಮೇಲೆ ಮಳೆಯೋ ಜ್ವರವೋ ಬಂದು ತಪ್ಪನ್ನ ಮೈಮೇಲೆ ಹಾಕ್ಕೊಳ್ಳಲಿ ಅಂತ ಕಾಯೋದು. ಮಳೆಗೇನು, ಅದಕ್ಕೆ ಮದುವೆ ಮನೆಗೆ ಹೋಗೋ ಕಷ್ಟ ಇಲ್ಲ.

ಮಜಾ ಇನ್ನೊಂದಿದೆ, ಹತ್ತಿರ ಬನ್ನಿ. ಆ ಗ್ರೂಪಲ್ಲಿರೋ ನಾಲ್ಕೂ ಮನೆಯವರು ಕಾಯ್ತಾ ಇರೋದು ಇದನ್ನೇ. ‘ಶಿರಾಡಿಯಲ್ಲಿ ಗುಡ್ಡ ಜರಿದಿದೆಯಂತೆ’ ಅಂತ ಒಬ್ಬರು ಹಾಕ್ತಾರೆ. (ಜೋಗಕ್ಕೆ ಹೋಗೋ ದಾರಿಯಲ್ಲಿ ಶಿರಾಡಿ ಘಾಟಿ ಎಲ್ಲಿಂದ ಬಂತು? ಯಾರೂ ಕೇಳಲ್ಲ.) ‘ಮಕ್ಕಳಿರ್ತಾರಲ್ವಾ, ಯೋಚನೆ ಮಾಡಿ’ ಅಂತ ಇನ್ನೊಬ್ಬರು. ‘ನೀವು ಹೇಗೆ ಹೇಳಿದ್ರೆ ಹಾಗೆ’ ಅಂತ ನೀವು. ಎಲ್ಲರೂ ಬಾಗಿಲಲ್ಲಿ ನಿಂತು ‘ಮೊದಲು ನೀವು, ಮೊದಲು ನೀವು’ ಅಂತಿದ್ದಾರೆ, ಕ್ಯಾನ್ಸಲ್ ಅನ್ನೋದಕ್ಕೆ.

ಮಳೆ ಅಂತ ಜೋಗ ಬಿಡ್ತೀರಲ್ಲ, ಒಂದ್ಸಲ ಯೋಚನೆ ಮಾಡಿ ನೋಡಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂದಿದ್ದು 1964ರಲ್ಲಿ. ಆಗಿನಿಂದ ಹೊಳೆಯ ನೀರು ಬಹುಪಾಲು ಕರೆಂಟಿಗೆ ಹೋಗುತ್ತೆ. ಬೇಸಿಗೆಯಲ್ಲಿ ಹೋದರೆ ಕಾಣೋದು 253 ಮೀಟರ್ ಬಂಡೆ, ಅದರ ಮೇಲೆ ಒಂದೆರಡು ಬಿಳಿ ಗೆರೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈತುಂಬಿ ಧುಮುಕಬೇಕಾದ್ರೆ ಮಳೆ ಚೆನ್ನಾಗಿ ಹೊಡೀಬೇಕು. ಅಂದ್ರೆ ನೀರು ಬೀಳೋದನ್ನ ನೋಡೋಕೆ ಹೊರಟವರು, ನೀರು ಬೀಳ್ತಾ ಇದೆ ಅಂತ ಮನೇಲಿ ಉಳೀತಿದ್ದೀರಿ! (ಏಪ್ರಿಲಲ್ಲಿ ಹೋಗಿ ಬಂದು ‘ಏನಿಲ್ಲ ಕಣ್ರೀ, ನಲ್ಲಿ ಬಿಟ್ಟ ಹಾಗಿತ್ತು’ ಅಂದೋರು ಯಾರು?)

ಶುಕ್ರವಾರ ಬಂತು. ಆಕಾಶ ಕೈಕೊಟ್ಟಿದೆ, ಒಂದು ಮೋಡವಿಲ್ಲ. ಇನ್ನೇನು ಗತಿ ಅನ್ನೋವಾಗ ಒಳಗಿಂದ ಒಂದು ಸೀನು. ಮಗಳದು. ಇನ್ನೊಂದು. ಆಹಾ! ಬೇರೆ ದಿನ ‘ಮೂಗು ಒರೆಸ್ಕೊಳ್ಳೇ’ ಅಂತ ಗದರೋರು ಈಗ ಹಣೆ ಮುಟ್ಟಿ, ಕುತ್ತಿಗೆ ಮುಟ್ಟಿ, ನಿಮ್ಮ ಕುತ್ತಿಗೆಗೂ ಹೋಲಿಸಿ ನೋಡಿ ಏನೆಂದ್ರಿ? ‘ಸ್ವಲ್ಪ ಬೆಚ್ಚಗಿದೆ ಅಲ್ವಾ?’

ಥರ್ಮಾಮೀಟರ್ ಬಂತು. ಕಂಕುಳಲ್ಲಿಟ್ಟು ಬೀಪ್ ಅನ್ನೋವರೆಗೆ ಮನೆಯೆಲ್ಲ ಗಪ್‌ಚುಪ್. 99.1. ಡಾಕ್ಟರುಗಳು ಸಾಮಾನ್ಯವಾಗಿ ಜ್ವರ ಅನ್ನೋದು 100.4 ದಾಟಿದರೆ. ಆದರೆ ಅವರಿಗೆ ನಾಳೆ ರೈಲಿಲ್ಲವಲ್ಲ! ‘ನೂರರ ಹತ್ತಿರ ಇದೆ’ ಅಂತ ಗ್ರೂಪಿಗೆ ಹೋಯ್ತು. ಮಗಳದು ಒಂದೇ ಸಮ ಅಳು, ಅವಳಿಗೆ ಪಾಪ ಜೋಗ ನೋಡಬೇಕು. ಇಡೀ ಮನೆಯಲ್ಲಿ ಹೊರಡೋ ಆಸೆ ಇದ್ದಿದ್ದು ಆ ರೋಗಿಯೊಬ್ಬಳಿಗೇ.

ಕಾಯಿಲೆ ಏನು? ನಮ್ಮಲ್ಲಿ ಎಲ್ಲ ಕಾಯಿಲೆಗೂ ಒಂದೇ ಹೆಸರು, ‘ವೆದರ್ ಚೇಂಜು’. ನೆಗಡಿ ತರೋ ವೈರಸ್ಸುಗಳೇ ಇನ್ನೂರಕ್ಕೂ ಹೆಚ್ಚು ಬಗೆ ಇವೆ. ಅವು ಮೋಡದಿಂದ ಉದುರಲ್ಲ. ಸ್ಕೂಲ್ ವ್ಯಾನಿಂದ ಬರ್ತವೆ, ಗಣಪತಿ ಪೆಂಡಾಲಿನ ಪ್ರಸಾದದ ಕ್ಯೂನಲ್ಲಿ ನಿಮ್ಮ ಹಿಂದೆ ನಿಂತು ಕೆಮ್ಮಿದವರಿಂದ ಬರ್ತವೆ. ಮಳೆ ಅಂತ ಕಿಟಕಿ ಎಲ್ಲಾ ಮುಚ್ಕೊಂಡು ಒಂದೇ ರೂಮಲ್ಲಿ ಟೀವಿ ಮುಂದೆ ಕೂರ್ತೀರಲ್ಲ, ಅವಕ್ಕೆ ಅದೇ ಹಬ್ಬ. ಆದರೂ ಬೈಗುಳ ಮಳೆಗೆ, ಅದರ ಜೊತೆಗೆ ಮೊನ್ನೆ ತಿಂದ ಐಸ್‌ಕ್ರೀಮಿಗೆ.

ಇನ್ನು ವೈದ್ಯರ ಸಾಲು. ಅಜ್ಜಿ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡ್ತಾರೆ. ಮನೆಯವರು ಧನಿಯಾ, ಜೀರಿಗೆ, ಮೆಣಸು, ಶುಂಠಿ ಹಾಕಿ ಕಷಾಯ ಕುದಿಸ್ತಾರೆ. ನೀವು ಫ್ರಿಜ್ಜಿನ ಮೇಲಿನ ಡಬ್ಬದಲ್ಲಿ ಡೋಲೋ ಹುಡುಕ್ತೀರಿ. (ಆ ಡಬ್ಬದಲ್ಲಿ ಎರಡೆರಡೇ ಮಾತ್ರೆ ಉಳಿದಿರೋ ಎಷ್ಟು ಸ್ಟ್ರಿಪ್ಪುಗಳಿವೆ! ಹೋದ ವರ್ಷದ ಆ್ಯಂಟಿಬಯಾಟಿಕ್ಕೂ ಇದೆ. ಅದನ್ನ ಮುಟ್ಟಬೇಡಿ. ವೈರಸ್ ಜ್ವರಕ್ಕೆ ಅದು ಕೆಲಸಕ್ಕೆ ಬರಲ್ಲ.)

ಅಷ್ಟರಲ್ಲಿ ಪಕ್ಕದ ಮನೆಯವರು ಇಣುಕಿ ಒಂದು ಮಾತು ಬಿಟ್ಟು ಹೋಗ್ತಾರೆ, ‘ಪ್ಲೇಟ್‌ಲೆಟ್ ನೋಡಿಸಿದ್ರಾ?’ ಮುಗೀತು ಕಥೆ. ನೆಗಡಿಗೂ ಪ್ಲೇಟ್‌ಲೆಟ್ಟು, ಬೆನ್ನುನೋವಿಗೂ ಪ್ಲೇಟ್‌ಲೆಟ್ಟು. ಒಬ್ಬರು ಪಪ್ಪಾಯ ಎಲೆ ರಸ ಅಂತಾರೆ, ಇನ್ನೊಬ್ಬರು ಕಿವಿ ಹಣ್ಣು. ಚಿಕ್ಕ ಆಲೂಗಡ್ಡೆ ಗಾತ್ರದ ಆ ಹಣ್ಣಿನ ರೇಟು ಕೇಳಿದರೆ ಇರೋ ಪ್ಲೇಟ್‌ಲೆಟ್ಟೂ ಇಳೀಬೇಕು.

ಒಂದು ವಿಷಯ ಮಾತ್ರ ಸೀರಿಯಸ್ಸಾಗಿ ಕೇಳ್ತೀನಿ. ನಿಮ್ಮ ಬಾಲ್ಕನಿಯ ಮನಿಪ್ಲಾಂಟ್ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯಾ? ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಅಂಥಾ ತಿಳಿನೀರಲ್ಲೇ, ಕಚ್ಚೋದೂ ಹಗಲಲ್ಲೇ. (ನೀವು ಗುಡ್‌ನೈಟ್ ಹಾಕೋದು ರಾತ್ರಿ.) 2024ರ ಸೆಪ್ಟೆಂಬರಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ, ನೀರು ನಿಲ್ಲಿಸೋ ಮನೆಯವರಿಗೆ ದಂಡ ಅಂತಲೂ ಹೇಳಿತ್ತು. ಕಾರ್ಪೊರೇಷನ್ ಚರಂಡಿಗೆ ಬಯ್ಯೋ ಮೊದಲು ಆ ತಟ್ಟೆ ಚೆಲ್ಲಿ. ಜ್ವರದ ಜೊತೆ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ ಕಂಡರೆ ಕಿವಿ ಹಣ್ಣು ಹುಡುಕ್ತಾ ಕೂರದೆ ಡಾಕ್ಟರ ಹತ್ರ ಓಡಿ. ಜ್ವರ ಇಳೀತು ಅಂತ ನಿರಾಳ ಆಗೋ ಹೊತ್ತೇ ಡೆಂಗಿಯಲ್ಲಿ ಜೋಪಾನ ಇರಬೇಕಾದ ಹೊತ್ತು.

ಸರಿ, ಫೋನು ಮಾಡೋ ಘಳಿಗೆ ಬಂತು. ಮೆಸೇಜ್ ಹಾಕಿದ್ರೆ ಸಾಲದು, ದನಿ ಬೇಕು. ಗಂಟಲು ಸರಿಮಾಡ್ಕೊಳ್ಳೋ ಬದಲು ಸ್ವಲ್ಪ ಕೆಡಿಸ್ಕೊಂಡು ಶುರು ಮಾಡ್ತೀರಿ, ‘ತುಂಬಾ ಆಸೆ ಇತ್ತು ಕಣ್ರೀ... ಮಗೂಗೆ ಮೈ ಸುಡ್ತಿದೆ... ನನಗೂ ಯಾಕೋ ಮೈಕೈ ನೋವು.’ ಆ ಕಡೆಯಿಂದ ‘ಅಯ್ಯೋ, ಹುಷಾರು ಮುಖ್ಯ, ಜೋಗ ಎಲ್ಲಿಗೆ ಓಡಿಹೋಗುತ್ತೆ!’ ಆ ದನಿಯಲ್ಲಿ ಇದ್ದಿದ್ದು ಬೇಜಾರಾ, ಖುಷಿನಾ? ಮೂರೇ ನಿಮಿಷಕ್ಕೆ ಉಳಿದ ಮೂರೂ ಮನೆಯವರು ಒಪ್ಪಿಗೆ ಕೊಟ್ಟಾಗಿತ್ತು. ಅಷ್ಟು ಬೇಗ ಆ ಗ್ರೂಪಲ್ಲಿ ಯಾವ ತೀರ್ಮಾನವೂ ಆಗಿಲ್ಲ.

ನೋವು ಅಂತ ಆಗಿದ್ದು ಒಂದೇ, ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ಟು. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸಿಲ್ಲ. ಅದಕ್ಕೂ ನಿಮ್ಮ ಹತ್ರ ಸಮಾಧಾನ ಇದೆ. ‘ಅಲ್ಲಿ ಹೋಗಿದ್ರೆ ಇದರ ನಾಲ್ಕರಷ್ಟು ಆಗ್ತಿತ್ತು.’ ಅಂದ್ರೆ ಲಾಭವೇ!

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಬೆಂಗಳೂರಿಗೆ ಮದುವಣಗಿತ್ತಿ ಕಳೆ. ನೀಲಿ ಆಕಾಶ, ಎಳೆಬಿಸಿಲು, ತಂಗಾಳಿ. ಮಗಳು ಸೀನೋದು ಬಿಟ್ಟು ಸೈಕಲ್ ಹತ್ತಿದ್ದಾಳೆ. ನೀವು ಕಾಫಿ ಲೋಟ ಹಿಡ್ಕೊಂಡು ಪಡುವಣ ಮೂಲೆಯಲ್ಲಿ ಒಂದಾದರೂ ಕರಿಮೋಡ ಸಿಗುತ್ತಾ ಅಂತ ಹುಡುಕ್ತಿದ್ದೀರಿ. ‘ಅಲ್ಲಿ ಮಲೆನಾಡಲ್ಲಿ ಇರುತ್ತೆ ಬಿಡಿ’ ಅಂತ ನಿಮಗೆ ನೀವೇ ಹೇಳ್ಕೊಂಡಿದ್ದು ನಂಗೆ ಕೇಳಿಸ್ತು.

ರೈಲಲ್ಲಿ ತಿನ್ನಬೇಕಿದ್ದ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಎಲ್ಲಾ ಮಧ್ಯಾಹ್ನ ಟೀವಿ ಮುಂದೆ ಪೇಪರ್ ಪ್ಲೇಟಲ್ಲೇ ಬಡಿಸಿಕೊಂಡಿರಿ. (ಪ್ಲೇಟು ತಂದಾಗಿತ್ತಲ್ಲ, ತೊಳೆಯೋ ಕೆಲಸ ಉಳೀತು.) ಕಾಲು ಟೀಪಾಯಿ ಮೇಲೆ, ತಲೆದಿಂಬು ಬೆನ್ನಿಗೆ. ಇಷ್ಟು ಸುಖ ಯಾವ ಹೋಮ್‌ಸ್ಟೇಯಲ್ಲಿ ಸಿಗುತ್ತೆ? ಮನೆಯವರು ಕೂಡ ಸೋಫಾದ ಆ ತುದಿಯಲ್ಲಿ ಕಾಲು ಚಾಚಿ, ‘ಪಾಪ, ಅವರೆಲ್ಲ ಎಷ್ಟು ಬೇಜಾರು ಮಾಡ್ಕೊಂಡ್ರೋ’ ಅಂದರು.

ಅಷ್ಟರಲ್ಲಿ ಬೆಲ್ಲು. ಬಾಗಿಲ ಗಾಜಿನ ಕಣ್ಣಲ್ಲಿ ಇಣುಕಿ ನೋಡ್ತೀರಿ. ಬೇಜಾರು ಮಾಡ್ಕೊಂಡೋರೇ! ಮೂರೂ ಮನೆಯವರು, ಒಂದೇ ಕಾರಲ್ಲಿ, ಎಲ್ಲರ ಮುಖದಲ್ಲೂ ಕನಿಕರ. ಮೊದಲು ನಿಂತವರ ಕೈಯಲ್ಲಿ ಒಂದು ಡಬ್ಬಿ ಕಿವಿ ಹಣ್ಣು. ರೋಗಿ ಬೀದಿಯಲ್ಲಿ ಸೈಕಲ್ ಹೊಡೀತಿದ್ದಾಳೆ, ಬಹುಶಃ ಗೇಟು ತೆಗೆದು ಒಳಗೆ ಬಿಟ್ಟವಳೂ ಅವಳೇ. ಈಗ ಉಳಿದಿರೋ ರೋಗಿ ನೀವೊಬ್ಬರೇ ತಾನೇ? ಮೈಕೈ ನೋವು ಅಂದಿದ್ರಿ! ಪುಳಿಯೋಗರೆ ಮುಚ್ಚಿ, ಶಾಲು ಎಳ್ಕೊಳ್ಳಿ, ಆ ಮಂಕಿಕ್ಯಾಪ್ ಎಲ್ಲಿಟ್ರಿ... ಬೇಗ, ಇನ್ನೊಂದ್ಸಲ ಬೆಲ್ ಹೊಡೀತಿದ್ದಾರೆ!